ಖಾಯಂ ಭಾನುವಾರ

ಭಾನುವಾರ ಬೆಳಿಗ್ಗೆ ನೋಡೋಣಪ್ಪ ತನ್ನ ಪ್ರೋಗ್ರಾಮಿಗೆ ಒಂದು ಪದ ಸೇರಿಸಿದ. ಚಹಾಕ್ಕೆ ಒಂದು ಚಮಚ ಸಕ್ಕರೆ ಹಾಕಿದಷ್ಟು ಸಲೀಸಾಗಿ ಸೇರಿಸಿದ. ಹಾಕಿದ್ದು ಉಪ್ಪು ಎಂದು ಗೊತ್ತಾಗುವ ಹೊತ್ತಿಗೆ ಆ ಚಹಾ ಇಡೀ ಕಟ್ಟಡಕ್ಕೆ ಹಂಚಿಕೆಯಾಗಿತ್ತು.

ಆ ಪದ ‘ಕಾನ್‌ಸ್ಟ್’. ಕಂಪ್ಯೂಟರಿನವರ ಭಾಷೆಯಲ್ಲಿ ಅದಕ್ಕೆ ಖಾಯಂ ಎಂದರ್ಥ. ಒಂದು ಪಟ್ಟಿಯ ಮುಂದೆ ಅದನ್ನು ಹಾಕಿಬಿಟ್ಟರೆ ಆಮೇಲೆ ಬ್ರಹ್ಮ ಬಂದರೂ ಆ ಪಟ್ಟಿಯಲ್ಲಿ ಒಂದು ಸಾಲನ್ನು ಆಚೀಚೆ ಮಾಡುವಂತಿಲ್ಲ. ಇಂಥ ಗಟ್ಟಿ ಪದ ಇಂಥ ಮನುಷ್ಯನ ಕೈಗೆ ಸಿಕ್ಕಿದ್ದೇ ಆ ದಿನದ ಎಲ್ಲ ರಾಮಾಯಣಕ್ಕೂ ಮೂಲ.

ಯಾಕೆಂದರೆ ನೋಡೋಣಪ್ಪನ ಬಾಯಲ್ಲಿ ಯಾವುದೂ ಖಾಯಂ ಆಗಿ ನಿಂತ ಉದಾಹರಣೆ ಇರಲಿಲ್ಲ. ಅವನಿಗೆ ಹೆತ್ತವರು ಇಟ್ಟ ಹೆಸರು ಬಾಗಿಲ ಮೇಲಿನ ಫಲಕದಲ್ಲಿ ಮಾತ್ರ ಉಳಿದಿತ್ತು. ಯಾರು ಏನು ಕೇಳಿದರೂ ‘ನೋಡೋಣ’ ಎನ್ನುತ್ತಿದ್ದುದರಿಂದ ಜನ ಅದನ್ನೇ ಹೆಸರು ಮಾಡಿ, ಮರ್ಯಾದೆಗೆ ಒಂದು ‘ಅಪ್ಪ’ ಸೇರಿಸಿದ್ದರು. ಆ ಮಾತಿಗೆ ಆಫೀಸಿನಲ್ಲಿ ‘ಆಗಲಿ’ ಎಂದರ್ಥ. ಮನೆಯಲ್ಲಿ ‘ಆಗಲ್ಲ’ ಎಂದರ್ಥ. ಅವನ ಮಟ್ಟಿಗೆ ಅದಕ್ಕೆ ಯಾವ ಅರ್ಥವೂ ಇರಲಿಲ್ಲ, ಸೀನು ಬಂದ ಹಾಗೆ ಬರುತ್ತಿತ್ತು. ಮದುವೆಯಾಗೋಣವಾ ಎಂದು ಹೆಂಡತಿಯೇ ಬಾಯಿಬಿಟ್ಟು ಕೇಳಿದ್ದಳು. ಅದಕ್ಕೂ ‘ನೋಡೋಣ’ ಎಂದಿದ್ದ. ಇವನನ್ನು ಕಾದರೆ ತಲೆ ನರೆಯುತ್ತದೆ ಎಂದು ಅವಳೇ ದಿನ ಗೊತ್ತುಮಾಡಿದಳು.

ಅವರಿದ್ದ ಕಟ್ಟಡದಲ್ಲಿ ಏಳು ಮನೆ. ಏಳಕ್ಕೂ ಸೇರಿ ಕೆಳಗಿನ ಕೋಣೆಯಲ್ಲಿ ಒಂದೇ ಬಟ್ಟೆ ಒಗೆಯುವ ಯಂತ್ರ. ವಾರಕ್ಕೆ ಏಳು ದಿನ, ಮನೆಗೊಂದು ದಿನ ಎಂದು ದೇವರೇ ಲೆಕ್ಕ ಹಾಕಿ ಕೊಟ್ಟಂತಿತ್ತು. ಆದರೆ ದೇವರು ಮಾಡಿದ ಲೆಕ್ಕವನ್ನು ಕೆಡಿಸಲು ನೆರೆಹೊರೆಯವರಿರುತ್ತಾರಲ್ಲ! ಕೋಣೆಯ ಬಾಗಿಲಿಗೆ ಅಂಟಿಸಿದ ಹಾಳೆಯ ಮೇಲೆ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಹೊಡೆದುಹಾಕಿ, ಹಾಳೆ ಕೊನೆಗೆ ಯುದ್ಧಭೂಮಿಯ ನಕ್ಷೆಯಂತಾಗಿತ್ತು. ಆಗ ಸಂಘದ ಸಭೆ ಸೇರಿ, ಬಾಗಿಲಿಗೆ ಕಂಪ್ಯೂಟರ್ ಬೀಗ ಹಾಕಿಸುವುದು, ಮನೆ ನಂಬರು ಒತ್ತಿದರೆ ಅವರವರ ದಿನ ಮಾತ್ರ ತೆರೆಯುವಂತೆ ಮಾಡುವುದು ಎಂದು ತೀರ್ಮಾನಿಸಿತು. ಪ್ರೋಗ್ರಾಮು ಬರೆಯುತ್ತೀರಾ ಎಂದು ನೋಡೋಣಪ್ಪನನ್ನು ಕೇಳಿದರು. ಅವನು ಏನೆಂದ ಎಂದು ಹೇಳಬೇಕಾಗಿಲ್ಲ. ಸಭೆ ಚಪ್ಪಾಳೆ ತಟ್ಟಿತು.

ಅವನು ಒಳ್ಳೆಯ ಮನಸ್ಸಿನಿಂದ, ಯಾರಿಗೂ ನೋವಾಗದ ಹಾಗೆ ಬರೆದ. ಮೂರು ಮನೆಯವರು ಕೊಟ್ಟ ದಿನ ತೆಗೆದುಕೊಂಡು ತೆಪ್ಪಗಿರುವ ಸಾಧುಗಳು. ಅಂಥವರಿಗೆ ಕತೆಯಲ್ಲಿ ಜಾಗವಿಲ್ಲ. ಮೇಲಿನ ಮಹಡಿಯ ನಿವೃತ್ತ ಮುಖ್ಯೋಪಾಧ್ಯಾಯಿನಿ, ಅಂದರೆ ಸಂಘದ ಅಧ್ಯಕ್ಷೆ, ಎಲ್ಲರ ಬಾಯಲ್ಲಿ ಹೆಡ್‌ಮಿಸ್, ಅವರಿಗೆ ಸೋಮವಾರ. ವಾರ ಶುರುವಾಗುವುದೇ ಸೋಮವಾರ, ಕೊಳೆಯನ್ನು ವಾರದೊಳಕ್ಕೆ ಒಯ್ಯಬಾರದು ಎಂಬುದು ಅವರ ಸಿದ್ಧಾಂತ. ಕೆಳಮನೆಯ ಬಸ್ ಡ್ರೈವರಣ್ಣನ ಡ್ಯೂಟಿ ವಾರವಾರಕ್ಕೂ ಬದಲಾಗುತ್ತದೆಂದು ಅವನ ದಿನವನ್ನು ಡ್ಯೂಟಿ ನೋಡಿಕೊಂಡು ಲೆಕ್ಕ ಹಾಕುವಂತೆ ಮಾಡಿದ. ಎದುರುಮನೆಯ ಪಿಟೀಲು ಮೇಷ್ಟ್ರಿಗೆ ಶಿಷ್ಯರು ಬಾರದ ದಿನ ಹುಡುಕಿ ಕೊಡುವಂತೆ ಮಾಡಿದ. ಕೊನೆಗೆ ತನ್ನ ಮನೆಯ ಸಾಲಿಗೆ ಬಂದಾಗ ಎಲ್ಲರೂ ಆರಿಸಿಕೊಂಡು ಉಳಿದ ದಿನ ತನಗಿರಲಿ ಎಂದು ಒಂದು ಪುಟ್ಟ ಲೆಕ್ಕ ಬರೆದು, ಅದಕ್ಕೊಂದು ಹೆಸರಿಡಬೇಕಲ್ಲ, ‘ನೋಡೋಣ’ ಎಂದೇ ಇಟ್ಟ. ಹಾಗೆ ಅವನ ಮನೆಗೆ ವಾರವಾರವೂ ಬುಧವಾರವೇ ಉಳಿಯುತ್ತಿತ್ತು.

ಸಾಲದ್ದಕ್ಕೆ, ತುರ್ತು ಬಂದರೆ ಇರಲಿ ಎಂದು ಎಲ್ಲರೂ ಅವರವರ ಫೋನಿನಿಂದಲೇ ದಿನ ಬದಲಾಯಿಸಿಕೊಳ್ಳುವ ಸೌಕರ್ಯ ಬೇರೆ ಕೊಟ್ಟಿದ್ದ. ಕಳೆದ ವಾರ ಡ್ರೈವರಣ್ಣ ಬಸ್ಸಿನ ಸೀಟಿನ ಕವರುಗಳನ್ನೆಲ್ಲ ಮನೆಗೆ ತಂದು, ಫೋನು ಒತ್ತಿ ಒತ್ತಿ ಏಳು ದಿನವನ್ನೂ ತನ್ನ ಹೆಸರಿಗೆ ಮಾಡಿಕೊಂಡ. ಸೋಮವಾರ ಬಟ್ಟೆಯ ಬುಟ್ಟಿ ಹಿಡಿದು ಇಳಿದು ಬಂದ ಹೆಡ್‌ಮಿಸ್ ಎದುರು ಬೀಗ ಮಿಸುಕಲಿಲ್ಲ. ಆ ರಾತ್ರಿಯೇ ಆಜ್ಞೆ ಹೊರಟಿತು: ಮುಂದಿನ ಭಾನುವಾರ ಸಂಜೆಯೊಳಗೆ ಪಟ್ಟಿ ಖಾಯಂ ಆಗಬೇಕು. ಕಲ್ಲಿನಲ್ಲಿ ಕೊರೆದ ಹಾಗಿರಬೇಕು.

ಶನಿವಾರ ಊಟ ಮಾಡುವಾಗ ಹೆಂಡತಿ ಈ ಮಾತು ಎತ್ತಿದಳು. ಅವಳು ಆಸ್ಪತ್ರೆಯ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಗಂಡ ಹೆಂಡತಿ ಇಬ್ಬರಿಗೂ ಒಟ್ಟಿಗೆ ಬಿಡುವಿರುವುದು ಭಾನುವಾರ ಒಂದೇ. ಬುಧವಾರ ಬಂತೆಂದರೆ ದುಡಿದು ಬಂದ ಸುಸ್ತಿನಲ್ಲೇ ಬುಟ್ಟಿ ಹೊತ್ತು ಇಳಿಯಬೇಕು, ಒದ್ದೆ ಬಟ್ಟೆ ಹೊತ್ತು ಹತ್ತಬೇಕು.

“ಹೇಗೂ ಪಟ್ಟಿ ಖಾಯಂ ಆಗ್ತಿದೆಯಲ್ಲ, ನಮಗೆ ಭಾನುವಾರ ಹಾಕ್ಕೊಳ್ಳಿ” ಎಂದಳು. “ಬಡಿಸೋರು ನಮ್ಮವರಾದ್ರೆ ಕಡೇ ಪಂಕ್ತಿಯಲ್ಲಿ ಕೂತ್ರೂ ಚಿಂತೆಯಿಲ್ಲ ಅಂತಾರೆ. ನಮ್ಮನೇಲಿ ಬಡಿಸೋರು ನೀವೇ, ಉಪವಾಸ ಇರೋಳು ನಾನೇ.”

“ನೋಡೋಣ.”

“ನೋಡೋದಲ್ಲ. ಭಾನುವಾರ ತಗೊಂಡು ಬನ್ನಿ. ಇಲ್ದಿದ್ರೆ ಇನ್ನು ಮೇಲೆ ಬಟ್ಟೆ ನಿಮ್ಮ ಪಾಲಿಗೆ.”

ಹೀಗೆ ಭಾನುವಾರ ಬೆಳಿಗ್ಗೆ ನೋಡೋಣಪ್ಪನ ಮುಂದೆ ಇದ್ದದ್ದು ಒಂದೇ ಗುರಿ. ಭಾನುವಾರ ಸಿಕ್ಕರೆ ಸಂಸಾರದಲ್ಲಿ ಶಾಂತಿ, ಸಿಗದಿದ್ದರೆ ಜೀವನವಿಡೀ ಸೋಪಿನ ನೊರೆ.

ಅವನು ಎದ್ದವನೇ ಕಂಪ್ಯೂಟರ್ ತೆರೆದು ಕೂತ. ಅಷ್ಟರಲ್ಲಿ ಹೆಂಡತಿಗೆ ಆಸ್ಪತ್ರೆಯಿಂದ ಫೋನು ಬಂತು. ಅವಳು ಮಾತಾಡುತ್ತಲೇ ತಲೆ ಬಾಚಿದಳು, ಮಾತಾಡುತ್ತಲೇ ಚಪ್ಪಲಿ ಮೆಟ್ಟಿದಳು. ಭಾನುವಾರ ಯಾಕೆ ಹೊರಟಿದ್ದಾಳೆ ಎಂದು ಕೇಳಲು ಅವನಿಗೆ ಪುರುಸೊತ್ತಿರಲಿಲ್ಲ. ಪಟ್ಟಿಯ ಮುಂದೆ ಆ ಪದವನ್ನು ಆಗಷ್ಟೇ ಕೂರಿಸುತ್ತಿದ್ದ. ಬಾಗಿಲಲ್ಲಿ ನಿಂತು ಅವಳು ಮೂರು ಮಾತು ಹೇಳಿದಳು. ಮೊದಲನೆಯದು ಒಲೆಯ ಮೇಲಿನ ಹಾಲಿನ ವಿಷಯ. ಎರಡನೆಯದು ಕಿಟಕಿ ಮುಚ್ಚುವ ವಿಷಯ. ಮೂರನೆಯದನ್ನು ಹೇಳುವ ಹೊತ್ತಿಗೆ ಪರದೆಯ ಮೇಲೆ ಕೆಂಪು ಗೆರೆ ಮೂಡಿತು. ಅವನು ಮೂರಕ್ಕೂ ಸೇರಿಸಿ ಒಂದೇ ‘ನೋಡೋಣ’ ಎಂದ. ಬಾಗಿಲು ಮುಚ್ಚಿತು. ಹಾಲು ಉಕ್ಕಿತು.

ಕೆಂಪು ಗೆರೆ ಎಳೆದದ್ದು ಕಂಪೈಲರು. ನಾವು ಬರೆದದ್ದನ್ನು ಯಂತ್ರಕ್ಕೆ ಅರ್ಥವಾಗುವ ಹಾಗೆ ಮಾಡಿಕೊಡುವ ದುಭಾಷಿ ಅದು. ಮಹಾ ಜಿಗುಟು ಸ್ವಭಾವದ್ದು. ಸಾವಿರ ಸಾಲಿನಲ್ಲಿ ಒಂದು ಸಾಲು ಅನುಮಾನ ಬಂದರೂ ಉಳಿದದ್ದನ್ನೂ ಕಳಿಸುವುದಿಲ್ಲ ಎಂದು ಹಟ ಹಿಡಿಯುತ್ತದೆ. ಈಗ ಅದು ಮೂರು ಸಾಲಿನ ಕೆಳಗೆ ಕೆಂಪು ಎಳೆದು, ಖಾಯಂ ಪಟ್ಟಿಯೊಳಗಿನ ಪ್ರತಿಯೊಂದೂ ಖಾಯಂ ಆಗಿರಬೇಕು, ಇದು ಖಾಯಂ ಅಲ್ಲ ಎಂದು ಬರೆದಿತ್ತು. ಒಂದು ಡ್ರೈವರಣ್ಣನ ಸಾಲು. ಒಂದು ಮೇಷ್ಟ್ರ ಸಾಲು. ಮೂರನೆಯದು, ಎಲ್ಲಕ್ಕಿಂತ ದಪ್ಪಗೆ ಎಳೆದಂತೆ ಅವನಿಗೆ ಕಂಡದ್ದು, ‘ನೋಡೋಣ’.

ಇದು ಇಷ್ಟಕ್ಕೇ ಮುಗಿಯುತ್ತಿತ್ತು. ಆದರೆ ನೋಡೋಣಪ್ಪ ಅಚ್ಚುಕಟ್ಟಿನ ಮನುಷ್ಯ. ಹೊಸ ಪ್ರೋಗ್ರಾಮು ತುಂಬುವ ಮೊದಲು ಬೀಗದೊಳಗಿನ ಹಳೆಯದನ್ನು ಪೂರ್ತಿ ಅಳಿಸಿಟ್ಟಿದ್ದ. ಹೊಸ ನೀರು ಬರುವ ಮುಂಚೆ ಹಳೆಯ ನೀರು ಚೆಲ್ಲಬಾರದು ಎಂಬುದು ಕೊಡ ಹೊರುವವರಿಗೆಲ್ಲ ಗೊತ್ತು. ಬರೀ ಕಂಪ್ಯೂಟರ್ ಹೊತ್ತವನಿಗೆ ಗೊತ್ತಿರಲಿಲ್ಲ. ಪ್ರೋಗ್ರಾಮು ಇಲ್ಲದ ಬೀಗ ಯಾರಿಗೂ ತೆರೆಯುವುದಿಲ್ಲ. ಅದು ಕಳ್ಳರಿಗೆಂದು ಅವನೇ ಮಾಡಿದ ಉಪಾಯ.

ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಡ್ರೈವರಣ್ಣ. ಹೊರಗೆ ಬಿಸಿಲು ರಣಗುಡುತ್ತಿತ್ತು. ಅವನು ಮಾತ್ರ ಕುತ್ತಿಗೆಯಿಂದ ಮೊಣಕಾಲಿನವರೆಗೆ ರೇನ್‌ಕೋಟು ಹಾಕಿ, ಎಲ್ಲ ಗುಂಡಿ ಬಿಗಿದುಕೊಂಡು ನಿಂತಿದ್ದ.

“ಸಾರ್, ಬೀಗ ತೆಗೀತಿಲ್ಲ” ಎಂದ. “ಬೆಳಗಿನ ಜಾವ ಬಟ್ಟೆ ಹಾಕಿದ್ದೆ. ಯೂನಿಫಾರಂ ಒಳಗಿದೆ. ಸಂಜೆ ಡ್ಯೂಟಿ.”

ಬೇರೆ ಬಟ್ಟೆ ಇಲ್ಲವೇ ಎಂದು ನೋಡೋಣಪ್ಪ ಮೆಲ್ಲಗೆ ವಿಚಾರಿಸಿದ. ಇತ್ತು. ಎಲ್ಲವೂ ಯಂತ್ರದಲ್ಲಿತ್ತು. ವಾರಕ್ಕೊಂದೇ ದಿನ ಎಂದು ಖಾಯಂ ಮಾಡುತ್ತಾರಂತೆ, ಇರುವುದೆಲ್ಲ ಒಗೆದುಬಿಡೋಣ ಎಂದು ಹೊದಿಕೆ ಸಮೇತ ತುರುಕಿದ್ದ. ಭಾವಮೈದ ಬಿಟ್ಟುಹೋದ ಈ ರೇನ್‌ಕೋಟು ಒಂದು ಮೊಳೆಗೆ ನೇತುಹಾಕಿದ್ದರಿಂದ ಉಳಿದಿತ್ತು. ಬಸ್ಸು ಓಡಿಸುವವನು ಹೀಗೆ ಹೋದರೆ ಜನ ಹತ್ತುವುದಿಲ್ಲ, ಹತ್ತಿದವರು ಕೊಡೆ ಬಿಚ್ಚುತ್ತಾರೆ ಎಂದು ಅವನೇ ಹೇಳಿದ. ಅವನ ಮುಖದಲ್ಲಿ ನಗುವಿರಲಿಲ್ಲ. ನೋಡೋಣಪ್ಪ ಗಾಬರಿಯಿಂದ ಒಳಗೆ ಓಡಿದ.

ಅವನು ಫೋನು ಮಾಡಿದ್ದು ಆಫೀಸಿನ ಗೆಳೆಯನಿಗೆ. ಆ ಗೆಳೆಯನನ್ನು ಎಲ್ಲರೂ ಒಳದಾರಿ ಎಂದು ಕರೆಯುತ್ತಿದ್ದರು. ನೇರ ದಾರಿಯಲ್ಲಿ ಅವನು ಊಟಕ್ಕೂ ಹೋದವನಲ್ಲ. ಒಳದಾರಿ ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ಪರಿಹಾರ ಕೊಟ್ಟ. ‘ನೋಡೋಣ’ದ ಮುಂದೆಯೂ ಒಂದು ಕಾನ್‌ಸ್ಟ್ ಹಾಕು, ಅದೂ ಖಾಯಂ ಆಗುತ್ತೆ ಎಂದ. ಹಾಕಿದ. ಕೆಂಪು ಗೆರೆ ‘ನೋಡೋಣ’ದ ಒಳಕ್ಕೆ ಇಳಿಯಿತು. ಅಲ್ಲಿದ್ದದ್ದೆಲ್ಲ ಇನ್ನೊಬ್ಬರನ್ನು ನೋಡಿ ತೀರ್ಮಾನಿಸುವ ಲೆಕ್ಕವೇ. ಒಂದೊಂದಕ್ಕೂ ಒಂದೊಂದು ಕಾನ್‌ಸ್ಟ್ ಹಾಕುತ್ತ ಹೋದ, ಒಂದೊಂದಕ್ಕೂ ಒಂದೊಂದು ಗೆರೆ ಬೀಳುತ್ತ ಹೋಯಿತು. ಪರದೆ ದಡಾರ ಎದ್ದ ಮಗುವಿನ ಮೈಯಂತಾಯಿತು.

“ಹಾಗಾದ್ರೆ ಎಲ್ಲ ಕಾನ್‌ಸ್ಟೂ ಕಿತ್ತು ಬಿಸಾಡೋ” ಎಂದ ಒಳದಾರಿ. “ಖಾಯಂ ಅಂತ ಬಾಯಲ್ಲಿ ಹೇಳು. ಒಳಗೆ ಇಣುಕಿ ನೋಡೋರು ಯಾರು?”

ಈ ಉಪಾಯ ನೋಡೋಣಪ್ಪನಿಗೆ ತುಂಬ ಹಿಡಿಸಿತು. ಹಾಕಿದ್ದನ್ನೆಲ್ಲ ಕಿತ್ತ. ಕೊನೆಯ ಕಾನ್‌ಸ್ಟ್ ಅಳಿಸಿದ ಕೂಡಲೇ ಕೆಂಪು ಗೆರೆಗಳೆಲ್ಲ ಮಾಯವಾಗಿ ಪರದೆ ತೊಳೆದಿಟ್ಟ ತಟ್ಟೆಯಂತೆ ಹೊಳೆಯಿತು. ಅವನು ನೆಮ್ಮದಿಯ ಉಸಿರು ಒಳಕ್ಕೆಳೆದುಕೊಂಡ.

“ಈಗ ಏನೋ ಅಳಿಸಿದಿರಲ್ಲ, ಏನದು?”

ಬೆನ್ನ ಹಿಂದೆಯೇ ಹೆಡ್‌ಮಿಸ್ ನಿಂತಿದ್ದರು. ತೆರೆದ ಬಾಗಿಲಿನಿಂದ ಬಂದು, ಪರೀಕ್ಷೆಯ ಕೋಣೆಯಲ್ಲಿ ಓಡಾಡಿ ಅಭ್ಯಾಸವಾದ ಸದ್ದಿಲ್ಲದ ಹೆಜ್ಜೆಯಲ್ಲಿ ಕುರ್ಚಿಯ ಹಿಂದೆ ನಿಂತು ಎಷ್ಟು ಹೊತ್ತಾಗಿತ್ತೋ. ಒಳಕ್ಕೆಳೆದ ಉಸಿರು ನೋಡೋಣಪ್ಪನ ಗಂಟಲಲ್ಲಿ ಸಿಕ್ಕಿಕೊಂಡಿತು. ಹೊರಗೆ ಬರುವಾಗ ಅದು ಉಸಿರಾಗಿರಲಿಲ್ಲ. ಬಿಕ್ಕಳಿಕೆಯಾಗಿತ್ತು.

ಅವನು ಬಿಕ್ಕುತ್ತ ಬಿಕ್ಕುತ್ತ ನಿಜ ಹೇಳಿದ. ಹೆಡ್‌ಮಿಸ್ ಎದುರು ಸುಳ್ಳು ಹೇಳಿ ದಕ್ಕಿಸಿಕೊಂಡವರು ಆ ಕಟ್ಟಡದಲ್ಲಿ ಇರಲಿಲ್ಲ.

“ಅಂದ್ರೆ ಉತ್ತರ ತಪ್ಪು ಅಂತ ಕೆಂಪು ಗೆರೆ ಬಿದ್ರೆ ಪ್ರಶ್ನೆನೇ ಅಳಿಸಿಬಿಡೋದು” ಎಂದರು. “ನನ್ನ ಶಾಲೇಲಿ ಒಬ್ಬನೂ ಇಷ್ಟು ಮುಂದುವರಿದಿರ್ಲಿಲ್ಲ. ಹಾಕಿ ಅದನ್ನ ವಾಪಸ್ಸು.”

ಹಾಕಿದ. ಮೂರು ಗೆರೆ ಮತ್ತೆ ಮೂಡಿದವು. ಹೆಡ್‌ಮಿಸ್ ಕನ್ನಡಕ ಏರಿಸಿ, ಕಂಪೈಲರು ಬರೆದದ್ದನ್ನು ಬೆರಳಿಟ್ಟು ಓದಿದರು. ಅವರ ಮುಖ ಅರಳುತ್ತ ಹೋಯಿತು. ಎಷ್ಟೋ ವರ್ಷದ ಮೇಲೆ ತಮ್ಮಂಥ ಇನ್ನೊಂದು ಜೀವ ಸಿಕ್ಕಂತೆ ಕಂಡಿತು ಅವರಿಗೆ. ಇದು ಸರಿಯಾಗಿಯೇ ಹೇಳುತ್ತಿದೆಯಲ್ಲ, ಪಟ್ಟಿ ಗಟ್ಟಿಯಾಗಬೇಕಾದರೆ ಅದರೊಳಗಿನ ಜನ ಮೊದಲು ಗಟ್ಟಿಯಾಗಬೇಕು, ಹೋಗಿ ಒಬ್ಬೊಬ್ಬರ ಬಾಯಿಂದಲೂ ಒಂದೊಂದು ದಿನ ಹೇಳಿಸಿಕೊಂಡು ಬನ್ನಿ ಎಂದರು. ಆಮೇಲೆ ಮೂರನೆಯ ಗೆರೆಯ ಮೇಲೆ ಬೆರಳು ನಿಲ್ಲಿಸಿ ಕೇಳಿದರು.

“ಈ ‘ನೋಡೋಣ’ ಅಂದ್ರೆ ಯಾರು?”

“ನಾನು ಮೇಡಂ” ಎಂದು ಬಿಕ್ಕಿದ ನೋಡೋಣಪ್ಪ.

ಮೊದಲು ಪಿಟೀಲು ಮೇಷ್ಟ್ರ ಮನೆ. ಮೇಷ್ಟ್ರು ಕಮಾನಿಗೆ ರಾಳ ತೀಡುತ್ತ ಕೂತಿದ್ದರು. ಬಿಕ್ಕಳಿಕೆ ಕೇಳಿ, ಯಾರೋ ನೆನೆಸಿಕೊಳ್ಳುತ್ತಿದ್ದಾರೆ ನಿಮ್ಮನ್ನ ಎಂದರು. ಹೆಂಡತಿ ಇರಬಹುದೇ ಎಂದು ನೋಡೋಣಪ್ಪನಿಗೆ ಒಂದು ಕ್ಷಣ ಅನ್ನಿಸಿತು. ಯಾವ ದಿನ ಬೇಕು ಎಂದು ಕೇಳಿದ್ದಕ್ಕೆ ಮೇಷ್ಟ್ರು ದಿನಕ್ಕಿಂತ ಶ್ರುತಿ ಮುಖ್ಯ ಎಂದು ಶುರುಮಾಡಿದರು. ಯಂತ್ರ ಹಿಂಡುವಾಗ ಹೊರಡುವ ಸದ್ದು ಯಾವ ಶ್ರುತಿಗೂ ಸೇರುವುದಿಲ್ಲ, ಪಾಠದ ಹೊತ್ತಿನಲ್ಲಿ ಅದು ಕಿವಿಗೆ ಬಿದ್ದರೆ ಶಿಷ್ಯರು ಅದರ ಹಿಂದೆಯೇ ಹೋಗಿಬಿಡುತ್ತಾರೆ, ಆದ್ದರಿಂದ ಪಾಠವಿಲ್ಲದ ಭಾನುವಾರವೇ ಆಗಬೇಕು ಎಂದರು.

ನೋಡೋಣಪ್ಪ ಜೋರಾಗಿ ಬಿಕ್ಕಿದ. ಅಷ್ಟರಲ್ಲಿ ಮೇಷ್ಟ್ರ ಹೆಂಡತಿ ಒಳಗಿನಿಂದಲೇ, ಗುರುವಾರ ಬರುವ ಬ್ಯಾಂಕಿನ ಮ್ಯಾನೇಜರು ನುಡಿಸುವುದಕ್ಕಿಂತ ಯಂತ್ರವೇ ವಾಸಿ, ಆ ದಿನ ಅದು ಓಡಿದರೆ ಅಕ್ಕಪಕ್ಕದವರು ಹರಸುತ್ತಾರೆ ಎಂದರು. ಮೇಷ್ಟ್ರು ಕಮಾನು ಕೆಳಗಿಟ್ಟರು. ಆಮೇಲೆ ಇಳಿದ ದನಿಯಲ್ಲಿ, “ಗುರುವಾರ ಅಂತ ಹಾಕ್ಕೊಳ್ಳಿ” ಎಂದರು.

ಉಳಿದದ್ದು ಬುಧವಾರ ಮತ್ತು ಭಾನುವಾರ. ಉಳಿದವರು ನೋಡೋಣಪ್ಪ ಮತ್ತು ಡ್ರೈವರಣ್ಣ.

ಡ್ರೈವರಣ್ಣ ಕೆಳಗೆ ಬೀಗ ಹಾಕಿದ ಕೋಣೆಯ ಮುಂದೆ, ಮೆಟ್ಟಿಲ ಮೇಲೆ ಕೂತಿದ್ದ. ರೇನ್‌ಕೋಟಿನೊಳಗೆ ಬೆವರಿ ಬೆವರಿ ಮುಖ ಕೆಂಪಗೆ ಬೆಂದಿತ್ತು. ಬಾಗಿಲಿನ ಕಿಂಡಿಯಿಂದ ತನ್ನ ಅಂಗಿಯ ತೋಳೊಂದು ಯಂತ್ರದ ಗಾಜಿಗೆ ಒತ್ತಿಕೊಂಡು ಕೈಬೀಸುವಂತೆ ಕಾಣುತ್ತಿದ್ದುದನ್ನೇ ನೋಡುತ್ತಿದ್ದ. ಅವನ ಹತ್ತಿರ ಹೋಗುವ ಮುಂಚೆ ನೋಡೋಣಪ್ಪ ಮೆಟ್ಟಿಲ ತಿರುವಿನಲ್ಲಿ ನಿಂತು ಮಾತು ಜೋಡಿಸಿಕೊಂಡ. ನನಗೆ ಭಾನುವಾರ ಬೇಕು, ನಿಮಗೆ ಬುಧವಾರ. ಇಷ್ಟೇ. ಏಳು ಸಲ ಮನಸ್ಸಿನಲ್ಲೇ ಹೇಳಿಕೊಂಡ. ಎಂಟನೆಯ ಸಲ ಹೇಳುವಾಗ ಡ್ರೈವರಣ್ಣ ತಲೆಯೆತ್ತಿದ.

“ಸಾರ್, ನಾನು ಮೊದಲೇ ಹೇಳಿಬಿಡ್ತೀನಿ. ಡ್ಯೂಟಿ ಏನೇ ಇರ್ಲಿ, ನಂಗೆ ಭಾನುವಾರನೇ ಬೇಕು. ಹಾಕ್ಕೊಡ್ತೀರಿ ತಾನೆ?”

ಜೋಡಿಸಿಕೊಂಡ ಮಾತೆಲ್ಲ ಮೆಟ್ಟಿಲಿಳಿದು ಓಡಿಹೋಯಿತು. ಬಾಯಿಗೆ ಬಂದದ್ದು ಹುಟ್ಟುಗುಣದ ಅದೇ ಮಾತು.

“ನೋ—”

ಸರಿಯಾಗಿ ಅಲ್ಲಿಗೆ ಬಿಕ್ಕಳಿಕೆ ಬಂತು. ಉಳಿದ ‘ಡೋಣ’ ಗಂಟಲೊಳಗೇ ಮುಳುಗಿತು.

ಡ್ರೈವರಣ್ಣ ಕಣ್ಣು ಕಣ್ಣು ಬಿಟ್ಟ. “ಏನಂದ್ರಿ?”

ಹೇಳಿದ್ದನ್ನು ಪೂರ್ತಿ ಮಾಡಲು ನೋಡೋಣಪ್ಪ ಮತ್ತೆ ಹೊರಟ. “ನೋ—” ಎಂದ. ಬಿಕ್ಕಳಿಕೆ ಈ ಸಲ ಇನ್ನೂ ಜೋರಾಗಿ ಬಂದು, ಅವನ ಎದೆ ಸೆಟೆದು, ಗಲ್ಲ ಮೇಲೆದ್ದು, ನೋಡುವವರಿಗೆ ಭಾರೀ ನಿಷ್ಠುರವಾಗಿ ಕಂಡಿತು.

ರಸ್ತೆಯಲ್ಲಿ ಲಾರಿಯವರನ್ನೇ ಹೆದರಿಸುವ ಡ್ರೈವರಣ್ಣ ಒಂದು ಮೆಟ್ಟಿಲು ಕೆಳಗೆ ಸರಿದು ಕೂತ. ಈ ಮನುಷ್ಯ ಇಂಗ್ಲಿಷಿನಲ್ಲಿ, ಅದೂ ಎರಡು ಸಲ, ಮುಖಕ್ಕೆ ಹೊಡೆದಂತೆ ‘ನೋ’ ಎಂದದ್ದು ಅವನ ತಲೆಯೊಳಕ್ಕೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಸಾಧುವಿಗೆ ಸಿಟ್ಟು ಬಂದರೆ ತಡೆಯಲಾಗದು ಎಂದು ಅವನ ಅಮ್ಮ ಹೇಳುತ್ತಿದ್ದಳು. ಅಲ್ಲದೆ ಯೂನಿಫಾರಂ ಒಳಗಿತ್ತು, ಬೀಗ ಇವನ ಕೈಯಲ್ಲಿತ್ತು.

“ಆಯ್ತು ಬಿಡಿ ಸಾರ್, ಅಷ್ಟ್ಯಾಕೆ ಕೋಪ” ಎಂದ. “ಬುಧವಾರನೇ ಹಾಕಿ. ಬೇಗ ಬಾಗಿಲು ತೆಗ್ಸಿ, ಈ ಕೋಟಿನೊಳಗೆ ನಾನು ಬೆಂದುಹೋಗ್ತಿದೀನಿ.”

ನೋಡೋಣಪ್ಪ ಮೆಟ್ಟಿಲು ಹತ್ತಿದ. ಮೊದಲ ನಾಲ್ಕು ಮೆಟ್ಟಿಲು ಏನಾಯಿತೆಂದು ತಿಳಿಯದೆ ಹತ್ತಿದ. ಆಮೇಲೆ ತಿಳಿಯಿತು. ಭಾನುವಾರ ತನ್ನದಾಗಿತ್ತು! ಬಿಕ್ಕಳಿಕೆಯ ಪಾಲು ಎಷ್ಟು, ತನ್ನ ಪಾಲು ಎಷ್ಟು ಎಂಬ ಲೆಕ್ಕ ತಿರುವಿನವರೆಗೆ ಮನಸ್ಸಿನಲ್ಲಿತ್ತು. ಮನೆ ಬಾಗಿಲು ಮುಟ್ಟುವ ಹೊತ್ತಿಗೆ ‘ನೋ’ ಎಂದದ್ದು ಪೂರ್ತಿ ತಾನೇ ಎಂದು ಅವನಿಗೆ ಖಾತ್ರಿಯಾಗಿತ್ತು. ಅವನಿಗಿಂತ ಮೊದಲೇ ಸುದ್ದಿ ಮಹಡಿ ಮುಟ್ಟಿತ್ತು. ಪಿಟೀಲು ಮೇಷ್ಟ್ರು ಬಾಗಿಲಿಗೆ ಬಂದು ಅವನನ್ನು ಹೊಸಬರನ್ನು ನೋಡುವಂತೆ ನೋಡಿದರು.

ಕುರ್ಚಿಯಲ್ಲಿ ಕೂತು, ಡ್ರೈವರಣ್ಣನ ಡ್ಯೂಟಿ ಲೆಕ್ಕ ಅಳಿಸಿ ‘ಬುಧವಾರ’ ಎಂದು ಬರೆದ. ಒಂದು ಗೆರೆ ಹೋಯಿತು. ಶಿಷ್ಯರ ಲೆಕ್ಕ ಅಳಿಸಿ ‘ಗುರುವಾರ’ ಎಂದು ಬರೆದ. ಇನ್ನೊಂದು ಹೋಯಿತು. ‘ನೋಡೋಣ’ದ ಮೇಲೆ ಬೆರಳು ಸ್ವಲ್ಪ ತಡೆಯಿತು. ಹಳೆಯ ಚಪ್ಪಲಿ ಎಸೆಯುವಾಗ ಆಗುವಂಥ ಸಣ್ಣ ಸಂಕಟ. ಹೆಡ್‌ಮಿಸ್ ಹಿಂದಿನಿಂದ ಗಂಟಲು ಸರಿಮಾಡಿಕೊಂಡರು. ಅವನು ಅದನ್ನು ಅಳಿಸಿ ‘ಭಾನುವಾರ’ ಎಂದು ಬರೆದ. ಆ ಸಾಲಿನ ಕೊನೆಗೆ ಅಲ್ಪವಿರಾಮ ಬಿಟ್ಟುಹೋಗಿದೆ ಎಂದು ಕಂಪೈಲರಿಗಿಂತ ಮುಂಚೆ ಹೆಡ್‌ಮಿಸ್ ಹೇಳಿದರು. ಅದನ್ನೂ ಹಾಕಿದ.

ಕಂಪೈಲರು ಒಂದು ಕ್ಷಣ ಯೋಚಿಸಿತು. ತಪ್ಪುಗಳು ಸೊನ್ನೆ ಎಂದಿತು.

ಎಲ್ಲರೂ ಕೆಳಗಿಳಿದರು. ಬೀಗದ ಪಕ್ಕದ ಸಣ್ಣ ತೂತಿಗೆ ತಂತಿ ಚುಚ್ಚಿ ನೋಡೋಣಪ್ಪ ಪ್ರೋಗ್ರಾಮು ತುಂಬಿದ. ತನ್ನ ಮನೆಯ ನಂಬರು ಒತ್ತಿದ. ಭಾನುವಾರವಾದ್ದರಿಂದ ಬೀಗ ಟಕ್ಕೆಂದು ತೆರೆಯಿತು. ಡ್ರೈವರಣ್ಣ ಒಳಕ್ಕೆ ನುಗ್ಗಿ, ಬಾಗಿಲ ಮರೆಯಲ್ಲೇ ಒದ್ದೆ ಯೂನಿಫಾರಂ ಏರಿಸಿಕೊಂಡು, ಬಿಸಿಲಿನಲ್ಲಿ ನೀರು ತೊಟ್ಟಿಕ್ಕಿಸುತ್ತ ಡ್ಯೂಟಿಗೆ ಓಡಿದ. ಬೆಳಿಗ್ಗೆಯಿಂದ ರೇನ್‌ಕೋಟಿನಲ್ಲಿ ಒಣಗಿದ್ದವನು ಅದನ್ನು ಬಿಚ್ಚಿದ ಮೇಲೆ ನೆನೆದ.

“ಇನ್ನು ಇದನ್ನ ಯಾರೂ ಮುಟ್ಟೋಕಾಗಲ್ಲ ತಾನೆ?” ಎಂದು ಹೆಡ್‌ಮಿಸ್ ಕೇಳಿದರು.

ಫೋನಿನಿಂದ ಆಗುವುದಿಲ್ಲ, ಈ ತೂತಿಗೆ ತಂತಿ ಚುಚ್ಚಿ ಹೊಸ ಪ್ರೋಗ್ರಾಮು ತುಂಬಿದರೆ ಮಾತ್ರ ಆದೀತು ಎಂದು ನೋಡೋಣಪ್ಪ ವಿವರಿಸಿದ. ಹೆಡ್‌ಮಿಸ್ ತಲೆಯಾಡಿಸಿದರು. ಕೈಚೀಲದಿಂದ ಅಂಟಿನ ಟ್ಯೂಬು ತೆಗೆದರು. ಮುರಿದ ಪಿಂಗಾಣಿ, ಕಿತ್ತ ಚಪ್ಪಲಿ ಎಲ್ಲವನ್ನೂ ಕಚ್ಚಿ ಹಿಡಿಯುವ ಅಂಟು. ಅದನ್ನು ಆ ತೂತಿನೊಳಕ್ಕೆ ಪೂರ್ತಿ ಹಿಂಡಿ, ಹೊರಗೆ ಉಕ್ಕಿದ್ದನ್ನು ಬೆರಳಿನಿಂದ ನುಣ್ಣಗೆ ಸವರಿದರು.

“ಖಾಯಂ ಅಂದ್ರೆ ಇದು” ಎಂದರು.

ನೋಡೋಣಪ್ಪನಿಗೆ ಸಂತೋಷವೇ ಆಯಿತು. ಭಾನುವಾರ ತನ್ನ ಹೆಸರಿಗೆ ಅಂಟಿಕೊಂಡಿತ್ತು, ಇನ್ನು ಕೀಳುವವರಿಲ್ಲ. ಅವನು ಮನೆಗೆ ಬಂದು ಒಲೆಯ ಮೇಲೆ ಉಕ್ಕಿ ಒಣಗಿದ ಹಾಲನ್ನು ಉಜ್ಜಿದ. ಕಿಟಕಿ ಮುಚ್ಚಿದ. ಮಧ್ಯಾಹ್ನವೇ ಬಿಕ್ಕಳಿಕೆ ನಿಂತಿತ್ತು. ಹೆಂಡತಿ ಬಂದಾಗ ಏನು ಹೇಳಬೇಕು, ಯಾವ ದನಿಯಲ್ಲಿ ಹೇಳಬೇಕು ಎಂದು ಕನ್ನಡಿಯ ಮುಂದೆ ಗಲ್ಲ ಎತ್ತಿ ನೋಡಿಕೊಂಡ.

ಅವಳು ಸಂಜೆ ಬಂದಳು. ಬರುವಾಗಲೇ ಮುಖದಲ್ಲಿ ನಗುವಿತ್ತು.

“ಮೆಟ್ಟಿಲ ಹತ್ರ ಮೇಷ್ಟ್ರ ಹೆಂಡತಿ ಸಿಕ್ಕಿದ್ರು” ಎಂದಳು. “ನೀವು ಡ್ರೈವರಣ್ಣನಿಗೆ ಮುಖದ ಮೇಲೆ ‘ನೋ’ ಅಂದ್ರಂತೆ? ನನಗೆ ನಂಬೋಕೇ ಆಗ್ಲಿಲ್ಲ ರೀ.”

ಮದುವೆಯಾದ ಮೇಲೆ ಅವಳು ಅವನನ್ನು ಹಾಗೆ ನೋಡಿದ್ದು ಅದೇ ಮೊದಲು. ಅವನ ಎದೆ ತುಂಬಿ ಬಂತು.

“ಎರಡು ಸಲ ಅಂದೆ” ಎಂದ. “ಆಮೇಲೆ ಅವನು ತುಟಿ ಪಿಟಕ್ ಅನ್ನಲಿಲ್ಲ.”

“ಸದ್ಯ, ಬುಧವಾರ ಉಳೀತಲ್ಲ” ಎಂದು ಅವಳು ಚೀಲ ಕೆಳಗಿಟ್ಟಳು.

ಅವಳು ಕುರ್ಚಿಯಲ್ಲಿ ಕೂತು ಕಾಲು ಚಾಚಿದಳು. ಬೆಳಿಗ್ಗೆ ಫೋನು ಬಂದಾಗ ತನಗೂ ತಲೆ ಕೆಟ್ಟುಹೋಗಿತ್ತು, ಈಗ ಯೋಚಿಸಿದರೆ ಒಳ್ಳೆಯದೇ ಆಯಿತು ಎನ್ನುತ್ತ ಮಾತು ಮುಂದುವರಿಸಿದಳು. ಆಸ್ಪತ್ರೆಯವರು ಅಂಗಡಿಯನ್ನು ಭಾನುವಾರವೂ ತೆರೆಯುತ್ತಾರೆ. ಅವಳ ವಾರದ ರಜೆ ಇನ್ನು ಬುಧವಾರ. ಒಂದೆರಡು ವಾರಕ್ಕಲ್ಲ, ಖಾಯಂ ಆಗಿ. ಅವನ ರಜೆ ಭಾನುವಾರವೇ ಇರುತ್ತದಲ್ಲ, ಅವನು ಮನೆಯಲ್ಲಿ ಹಾಯಾಗಿ ಮಲಗಲಿ. ಹೇಗೂ ಬುಧವಾರ ತಮ್ಮ ಮನೆಯದೇ, ತಾನು ಇಡೀ ದಿನ ಮನೆಯಲ್ಲಿದ್ದು ನಿಧಾನವಾಗಿ ಒಗೆದುಕೊಳ್ಳಬಹುದು.

“ಅದಕ್ಕೇ ಬೆಳಿಗ್ಗೆ ಬಾಗಿಲಲ್ಲಿ ನಿಂತು ಹೇಳಿದ್ನಲ್ಲ, ಭಾನುವಾರ ಬೇಡ, ಬುಧವಾರನೇ ಗಟ್ಟಿಯಾಗಿ ಹಿಡ್ಕೊಳ್ಳಿ ಅಂತ. ನೋಡೋಣ ಅಂದ್ರಿ.”

ನೋಡೋಣಪ್ಪ ಮೆಲ್ಲಗೆ ಗೋಡೆಗೆ ಒರಗಿದ. ಬಾಗಿಲಲ್ಲಿ ಕೇಳಿದ್ದ ಮೂರನೆಯ ಮಾತು ಈಗ ಹನ್ನೆರಡು ಗಂಟೆ ತಡವಾಗಿ ಕಿವಿಯೊಳಕ್ಕೆ ಇಳಿಯಿತು. ಅವನು ಎಲ್ಲವನ್ನೂ ಹೇಳಿದ. ಭಾನುವಾರ ಗೆದ್ದದ್ದು, ಬುಧವಾರ ಡ್ರೈವರಣ್ಣನಿಗೆ ಹೋದದ್ದು, ಕಾನ್‌ಸ್ಟ್, ಕೊನೆಗೆ ಅಂಟು. ಹೇಳುತ್ತ ಹೋದಂತೆ ಹೆಂಡತಿಯ ಮುಖದ ನಗು ಮೂಲೆಯಿಂದ ಮೂಲೆಗೆ ಮಡಿಸಿಕೊಂಡು ಒಳಗೆ ಹೋಯಿತು.

“ಈಗ ಬದಲಾಯಿಸೋಕೆ ಆಗುತ್ತಾ?” ಎಂದು ಕೇಳಿದಳು.

ಅವನು ಬಾಯಿ ತೆರೆದ. ಹುಟ್ಟುಗುಣ ಎಲ್ಲಿಗೆ ಹೋಗುತ್ತದೆ? ‘ನೋ—’ ಎಂದ. ನಿಂತುಹೋಗಿದ್ದ ಬಿಕ್ಕಳಿಕೆ ಸರಿಯಾಗಿ ಅದೇ ಜಾಗಕ್ಕೆ ಬಂತು.

ಜೀವಮಾನದಲ್ಲಿ ಮೊದಲ ಸಲ ಕೇಳಿದ ಪ್ರಶ್ನೆಗೆ ಅವನ ಬಾಯಿಂದ ನೇರವಾದ, ಸರಿಯಾದ ಉತ್ತರ ಬಂದಿತ್ತು.

ಹೆಂಡತಿ ಎದ್ದು ಒಳಗೆ ಹೋದಳು. ವಾರದ ಬಟ್ಟೆ ತುಂಬಿದ ಬುಟ್ಟಿ ತಂದು ಅವನ ಎರಡೂ ಕೈಗೆ ಕೊಟ್ಟು, ಮೇಲೆ ಸೋಪಿನ ಪುಡಿಯ ಡಬ್ಬಿ ಇಟ್ಟಳು.

“ಇವತ್ತೂ ಭಾನುವಾರನೇ ತಾನೆ” ಎಂದಳು. “ಶುರುಮಾಡಿ.”

ನೋಡೋಣಪ್ಪ ಬುಟ್ಟಿ ಹೊತ್ತು, ಬಿಕ್ಕುತ್ತ ಮೆಟ್ಟಿಲಿಳಿದ. ಎದುರುಮನೆಯಲ್ಲಿ ಪಿಟೀಲು ನಿಂತು, ಬಾಗಿಲು ಇಷ್ಟೇ ತೆರೆದು ಮುಚ್ಚಿತು. ಕೋಣೆಯ ಮುಂದೆ ನಿಂತು, ಬೀಗ ಇವತ್ತಾದರೂ ಒಂದು ಸಲ ಕೆಟ್ಟುಹೋಗಿರಲಿ ಎಂದು ಬೇಡಿಕೊಳ್ಳುತ್ತ, ಗಲ್ಲದಿಂದ ಸೋಪಿನ ಡಬ್ಬಿ ಒತ್ತಿ ಹಿಡಿದು ಮನೆಯ ನಂಬರು ಒತ್ತಿದ.

ಅವನು ಬರೆದ ಪ್ರೋಗ್ರಾಮಿನಲ್ಲಿ ಒಂದೇ ಒಂದು ತಪ್ಪೂ ಇರಲಿಲ್ಲ. ಬೀಗ ನೋಡೋಣ ಎನ್ನದೆ, ಟಕ್ಕೆಂದು ತೆರೆಯಿತು.